ಲೈಬ್ರರಿಯಲ್ಲಿ ಒಂದು ಹಳೇ ಅಮೆರಿಕನ್ ಪದ್ಯ ಓದಬೇಕು, ಯಾವುದು ಓದಲಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನು ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಊರಿನಲ್ಲಿದ್ದೇನೆ. ಬಂದು 11 ವರ್ಷ ಆಯಿತು. ಇಲ್ಲಿ ಏಪ್ರಿಲ್ ಅಂದರೆ ಕವಿತೆಯ ತಿಂಗಳು. ನಮ್ಮೂರ ಲೈಬ್ರರಿಯಲ್ಲಿ ಒಂದು ಸಂಜೆ ಊರಿನ ಹತ್ತು ಜನ ತಮಗಿಷ್ಟವಾದ ಒಂದೊಂದು ಹಳೇ ಅಮೆರಿಕನ್ ಪದ್ಯ ಓದಬೇಕು. ತಾವೇ ಬರೆದದ್ದು ಓದುವ ಹಾಗಿಲ್ಲ. ಓದುವ ಮುಂಚೆ ಅದು ಯಾಕೆ ಇಷ್ಟ ಅಂತ ಎರಡು ಮಾತು ಹೇಳಬೇಕು. ಲೈಬ್ರರಿಯವರು ನನ್ನನ್ನೂ ಕೇಳಿದರು, ನಾನು ಹೂಂ ಅಂದುಬಿಟ್ಟೆ.

ಬೇಂದ್ರೆಯವರದ್ದು, ಕೆ. ಎಸ್. ನರಸಿಂಹಸ್ವಾಮಿಯವರದ್ದು ಆದರೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅಮೆರಿಕದ ಪದ್ಯಗಳಲ್ಲಿ "ಇದು ನನ್ನದು" ಅನ್ನುವಂಥದ್ದು ಒಂದೂ ಇಲ್ಲ. ಕಾಲೇಜಿನಲ್ಲಿ ರಾಬರ್ಟ್ ಫ್ರಾಸ್ಟ್ ಓದಿದ್ದೆ, ಅದೂ ಪರೀಕ್ಷೆಗೆ. ಇಲ್ಲಿನ ಜನ ನಿಜವಾಗಿ ಇಷ್ಟಪಡುವ ಪದ್ಯಗಳು ಯಾವುವು? ಅದರಲ್ಲಿ ನನ್ನ ಬಾಯಲ್ಲಿ ಸುಳ್ಳು ಅನ್ನಿಸದೇ ಇರುವಂಥದ್ದು ಯಾವುದು? ಐದು ನಿಮಿಷ ಕೊಟ್ಟಿದ್ದಾರೆ. ಇನ್ನು ಮೂರು ವಾರ ಇದೆ.

ರಾಗಿಮುದ್ದೆ
ಫ್ರಾಸ್ಟ್‌ನ 'ದಿ ರೋಡ್ ನಾಟ್ ಟೇಕನ್'. ಕಣ್ಣು ಮುಚ್ಚಿಕೊಂಡು ಅದನ್ನೇ ಓದಿ.

ಹಳೇಪುಸ್ತಕ
ಜನಕ್ಕೆ ಏನಿಷ್ಟ ಅನ್ನೋದಕ್ಕೆ ಒಂದು ಲೆಕ್ಕವೇ ಇದೆ. 1997ರಲ್ಲಿ ರಾಬರ್ಟ್ ಪಿನ್ಸ್ಕಿ ಅಲ್ಲಿನ ಪೊಯೆಟ್ ಲಾರಿಯೆಟ್, ಅಂದರೆ ದೇಶದ ಅಧಿಕೃತ ಕವಿ, ಆದಾಗ "ನಿಮಗಿಷ್ಟವಾದ ಒಂದು ಪದ್ಯ ಹೇಳಿ, ಯಾಕೆ ಇಷ್ಟ ಅಂತ ಬರೆಯಿರಿ" ಎಂದು ಇಡೀ ದೇಶವನ್ನು ಕೇಳಿದರು. ಒಂದು ವರ್ಷದಲ್ಲಿ 18,000 ಜನ ಬರೆದರು. 5 ವರ್ಷದ ಮಗುವಿನಿಂದ 97 ವರ್ಷದ ಹಿರಿಯರ ತನಕ, ಎಲ್ಲ ರಾಜ್ಯಗಳಿಂದ. ನಿಮ್ಮ ಲೈಬ್ರರಿಯ ಸಂಜೆಯೂ ಅದೇ ಜಾಡಿನದು ಅನ್ನಿಸುತ್ತದೆ. ಎಲ್ಲಕ್ಕಿಂತ ಜಾಸ್ತಿ ಜನ ಹೆಸರಿಸಿದ್ದು ರಾಗಿಮುದ್ದೆಯವರು ಹೇಳಿದ ಪದ್ಯವನ್ನೇ.

ಆ ಯೋಜನೆಯ ವಿಡಿಯೊಗಳಲ್ಲಿ ಕಟ್ಟಡ ಕೆಲಸದ ಕಾರ್ಮಿಕರೊಬ್ಬರು ವಾಲ್ಟ್ ವಿಟ್ಮನ್ ಎಂಬ ಹಳೇ ಕವಿಯ ಪದ್ಯ ಓದುವುದು ಇದೆ. ಹುಡುಕಿ ನೋಡಿ. ಪದ್ಯ ಹೇಗೆ ಓದಬೇಕು ಅಂತ ಯಾರೂ ಅವರಿಗೆ ಪಾಠ ಮಾಡಬೇಕಾಗಿಲ್ಲ.

ಇಂಗ್ಲಿಷ್_ಮೇಷ್ಟ್ರು
ನಾನು 22 ವರ್ಷ ಈ 'ರೋಡ್' ಪದ್ಯವನ್ನು ಕಾಲೇಜಿನಲ್ಲಿ ಪಾಠ ಮಾಡಿದವನು. ಜನ ಅದನ್ನು ಪ್ರೀತಿಸಲಿ, ಸಂತೋಷ. ಆದರೆ ಅದರಲ್ಲಿ ಇಲ್ಲದ್ದನ್ನು ಪ್ರೀತಿಸುತ್ತಾರೆ ಎನ್ನುವುದೇ ನನ್ನ ಸಂಕಟ.

"ಯಾರೂ ಹೋಗದ ದಾರಿ ಹಿಡಿದೆ, ಅದಕ್ಕೇ ಗೆದ್ದೆ" ಅಂತ ಎಲ್ಲರೂ ಅರ್ಥ ಮಾಡುತ್ತಾರೆ. ಕಾಡಿನಲ್ಲಿ ದಾರಿ ಎರಡಾದ ಕಡೆ ಒಬ್ಬ ನಿಂತಿದ್ದಾನೆ. ಪದ್ಯದ ನಡುವೆ ಏನಿದೆ ನೋಡಿ. ಎರಡು ದಾರಿಗಳೂ ಹೆಚ್ಚುಕಡಿಮೆ ಒಂದೇ ಸಮ ಸವೆದಿದ್ದವು ಅಂತ ಅವನೇ ಹೇಳುತ್ತಾನೆ. ಆ ಬೆಳಿಗ್ಗೆ ಎರಡರ ಮೇಲೂ ಯಾರೂ ತುಳಿಯದ ಎಲೆಗಳು ಬಿದ್ದಿದ್ದವು. ಕೊನೆಯ ಚರಣದಲ್ಲಿ, ಎಷ್ಟೋ ಕಾಲದ ಮೇಲೆ ನಿಟ್ಟುಸಿರು ಬಿಟ್ಟು ಹೀಗೆ ಹೇಳುತ್ತೇನೆ, ಕಡಿಮೆ ಜನ ನಡೆದ ದಾರಿ ಹಿಡಿದೆ ಅಂತ, ಎನ್ನುತ್ತಾನೆ. ಮುಂದೆ ಹಾಗೆ ಹೇಳುತ್ತೇನೆ ಅನ್ನುವುದು ಬೇರೆ, ಹಾಗೆ ನಡೆಯಿತು ಅನ್ನುವುದು ಬೇರೆ.

ಇದರ ಹಿಂದೆ ಒಬ್ಬ ಗೆಳೆಯ ಇದ್ದಾನೆ. ಫ್ರಾಸ್ಟ್ 1914ರಲ್ಲಿ ಇಂಗ್ಲೆಂಡಿನಲ್ಲಿದ್ದ. ಎಡ್ವರ್ಡ್ ಥಾಮಸ್ ಎಂಬ ಬರಹಗಾರನ ಜೊತೆ ದಿನಾ ಕಾಡುಮೇಡು ಸುತ್ತುತ್ತಿದ್ದ. ಥಾಮಸ್‌ಗೆ ಒಂದು ಚಾಳಿ. ಒಂದು ದಾರಿಯಲ್ಲಿ ಹೋಗಿ ಬಂದ ಮೇಲೆ, ಇನ್ನೊಂದರಲ್ಲಿ ಹೋಗಿದ್ದರೆ ಒಳ್ಳೊಳ್ಳೆ ಗಿಡ ಕಾಣುತ್ತಿದ್ದವು ಅಂತ ಕೊರಗುವುದು. ಅವನನ್ನು ರೇಗಿಸಲು ಫ್ರಾಸ್ಟ್ ಬರೆದ ಪದ್ಯ ಇದು. ಥಾಮಸ್ ಅದನ್ನು ಗಂಭೀರವಾಗಿ ತೆಗೆದುಕೊಂಡ. 1915ರಲ್ಲಿ ಸೈನ್ಯ ಸೇರಿದ. 1917ರ ಏಪ್ರಿಲ್ 9ರಂದು ಫ್ರಾನ್ಸಿನ ಆರಾಸ್ ಯುದ್ಧದಲ್ಲಿ ಸತ್ತ. ಇದು ಗೊತ್ತಾದ ಮೇಲೆ ಆ ಪದ್ಯವನ್ನು ಗೆಲುವಿನ ಘೋಷಣೆ ಅಂತ ನನಗೆ ಓದಲು ಆಗುವುದಿಲ್ಲ.

ರಾಗಿಮುದ್ದೆ
ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಕೇಳ್ತೀನಿ. ನಾನು ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿಗೆ ಬಂದು ನಾಲ್ಕೂವರೆ ಎಕರೆ ಉಳುತ್ತಿದ್ದೇನೆ. ರಾಜೀನಾಮೆ ಕೊಟ್ಟ ರಾತ್ರಿ ಅಪ್ಪ ಮಾತು ಬಿಟ್ಟಿದ್ದರು. ಆಗ ನನಗೆ ಧೈರ್ಯ ಕೊಟ್ಟದ್ದು ಈ ಪದ್ಯ. ತಪ್ಪಾಗಿ ಓದಿದೆ ಅಂತಲೇ ಇಟ್ಟುಕೊಳ್ಳಿ. ಆ ರಾತ್ರಿಯ ಧೈರ್ಯವೂ ತಪ್ಪಾ?

ಇಂಗ್ಲಿಷ್_ಮೇಷ್ಟ್ರು
ತಪ್ಪಲ್ಲ. ಆದರೆ ಒಂದು ಕೇಳಲಾ? ಆ ಕೆಲಸದಲ್ಲೇ ಇದ್ದಿದ್ದರೆ ಹೇಗಿರುತ್ತಿತ್ತು ಅಂತ ಯಾವತ್ತಾದರೂ ಅನ್ನಿಸುತ್ತಾ?

ರಾಗಿಮುದ್ದೆ
ಅನ್ನಿಸುತ್ತೆ. ಟೊಮ್ಯಾಟೊ ರೇಟು ಬಿದ್ದ ವರ್ಷ ದಿನಾ ಅನ್ನಿಸುತ್ತಿತ್ತು.

ಇಂಗ್ಲಿಷ್_ಮೇಷ್ಟ್ರು
ಆ ನಿಟ್ಟುಸಿರು ಪದ್ಯದಲ್ಲಿದೆ. ನೀವು ನಾನು ತಿಳಿದದ್ದಕ್ಕಿಂತ ಸರಿಯಾಗಿಯೇ ಓದಿದ್ದೀರಿ.

ಚಿಕ್ಕಪೇಟೆ_ಚಂದು
ಕಿಪ್ಲಿಂಗ್‌ನ 'ಇಫ್' ಯಾರೂ ಹೇಳಲಿಲ್ಲ? ನಮ್ಮ ಶಾಲೆಯ ಗೋಡೆ ಮೇಲೆ ಬರೆದಿದ್ದರು. ಅದಕ್ಕಿಂತ ಒಳ್ಳೆ ಅಮೆರಿಕನ್ ಪದ್ಯ ಇಲ್ಲ.

ಹಳೇಪುಸ್ತಕ
ಚಂದು, ಕಿಪ್ಲಿಂಗ್ ಇಂಗ್ಲಿಷ್‌ನವರು. ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ, 1865ರಲ್ಲಿ. ಆದರೆ ಅಮೆರಿಕದ ನಂಟು ಇಲ್ಲದೇ ಇಲ್ಲ. 1890ರ ದಶಕದಲ್ಲಿ ಕೆಲವು ವರ್ಷ ವರ್ಮಾಂಟ್‌ನಲ್ಲಿದ್ದರು. ಮೌಗ್ಲಿ ಕತೆಗಳನ್ನು ಬರೆದದ್ದು ಅಲ್ಲಿನ ಹಿಮದಲ್ಲಿ ಕೂತು.

ಚಿಕ್ಕಪೇಟೆ_ಚಂದು
ಹೌದಾ! ಮೌಗ್ಲಿ ಹಿಮದಲ್ಲಿ ಹುಟ್ಟಿದ್ದು ಗೊತ್ತಿರಲಿಲ್ಲ. ಹಾಗಾದ್ರೆ 'ಕರುಣಾಳು ಬಾ ಬೆಳಕೆ'? ಅದರ ಮೂಲ?

ಇಂಗ್ಲಿಷ್_ಮೇಷ್ಟ್ರು
ಅದೂ ಅಮೆರಿಕದ್ದಲ್ಲ. ಇಂಗ್ಲೆಂಡಿನ ನ್ಯೂಮನ್ 1833ರಲ್ಲಿ ಬರೆದದ್ದು. ಬಿಎಂಶ್ರೀಯವರ ಕೈಯಲ್ಲಿ ಅದು ಕನ್ನಡದ್ದೇ ಆಗಿಬಿಟ್ಟಿತು.

ಕರಾವಳಿ_ಕಾಗೆ
ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. ಎಡ್ಗರ್ ಅಲನ್ ಪೋ ಬರೆದ 'ದಿ ರೇವನ್'. 1845ರ ಜನವರಿಯಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂತು. ಅವನು ರಾತ್ರೋರಾತ್ರಿ ಪ್ರಸಿದ್ಧನಾದ, ಆದರೆ ಬಡತನ ಹೋಗಲಿಲ್ಲ. ಅವನ ಹೆಂಡತಿ ವರ್ಜೀನಿಯಾಗೆ ಆಗಲೇ ಕ್ಷಯ. ಎರಡು ವರ್ಷಕ್ಕೆ ಹೋದಳು.

ಕತೆ ಇಷ್ಟೇ. ಡಿಸೆಂಬರಿನ ಮಧ್ಯರಾತ್ರಿ. ಲೆನೋರ್ ಎಂಬ ಪ್ರೀತಿಯ ಹೆಣ್ಣನ್ನು ಕಳೆದುಕೊಂಡವನು ಒಬ್ಬನೇ ಕೂತಿದ್ದಾನೆ. ಕಿಟಕಿಯಿಂದ ಒಂದು ದೊಡ್ಡ ಕಾಗೆ ಒಳಗೆ ಬಂದು ಬಾಗಿಲ ಮೇಲಿನ ಮೂರ್ತಿಯ ತಲೆ ಮೇಲೆ ಕೂರುತ್ತದೆ. ಅದಕ್ಕೆ ಬರುವುದು ಒಂದೇ ಮಾತು, 'ನೆವರ್‌ಮೋರ್'. ಅಂದರೆ ಇನ್ನೆಂದೂ ಇಲ್ಲ. ಅದು ಅಷ್ಟೇ ಹೇಳುತ್ತದೆ ಅಂತ ಗೊತ್ತಾದ ಮೇಲೂ ಅವನು ಕೇಳುತ್ತಾ ಹೋಗುತ್ತಾನೆ. ನನ್ನ ನೋವಿಗೆ ಮದ್ದು ಇದೆಯಾ? ಅವಳನ್ನು ಮತ್ತೆ ಕಾಣುತ್ತೇನಾ? ತನ್ನನ್ನು ಇರಿಯುವಂಥ ಪ್ರಶ್ನೆಗಳನ್ನು ಬೇಕೆಂದೇ ಆರಿಸಿ ಕೇಳುತ್ತಾನೆ.

ನಾನು ಇದನ್ನು ಓದಿದ್ದು ಅಜ್ಜಿ ಸತ್ತ ವರ್ಷ. ಹತ್ತನೇ ದಿನ ಹೊಳೆ ದಂಡೆಯಲ್ಲಿ ಪಿಂಡ ಇಟ್ಟು ಎಲ್ಲರೂ ದೂರ ನಿಂತಿದ್ದೆವು. ಕಾಗೆಗಳು ತೆಂಗಿನ ಗರಿ ಮೇಲೆ ಕೂತು ನೋಡುತ್ತಿದ್ದವು, ಇಳಿಯಲೇ ಇಲ್ಲ. ಒಂದು ಗಂಟೆ ಆಯಿತು. ಬಿಸಿಲು ಏರಿತು. ಅನ್ನದ ಮೇಲಿನ ಎಳ್ಳು ಒಣಗಿತು. ಕೊನೆಗೆ ದೊಡ್ಡ ಮಾವ ಒದ್ದೆ ಪಂಚೆಯಲ್ಲೇ ಮುಂದೆ ಹೋಗಿ ಕೈ ಮುಗಿದು, "ಅಮ್ಮಾ, ತಂಗಿಯನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಚಿಂತೆ ಮಾಡಬೇಡ" ಅಂದರು. ಮೊದಲ ಕಾಗೆ ಆಗ ಇಳಿಯಿತು.

ಪೋನ ಕೋಣೆಯಲ್ಲೂ ಅದೇ ನಡೆಯುತ್ತದೆ, ಅಲ್ವಾ? ಸತ್ತವರ ಸುದ್ದಿಯನ್ನು ಬದುಕಿರುವವನು ಕಾಗೆಯ ಹತ್ತಿರ ಕೇಳುತ್ತಿದ್ದಾನೆ. ನಮ್ಮ ಕಾಗೆ ಅನ್ನ ಮುಟ್ಟಿ "ಆಯಿತು, ಮನೆಗೆ ಹೋಗು" ಅನ್ನುತ್ತದೆ. ಅವನ ಕಾಗೆ ಏನೂ ಮುಟ್ಟುವುದಿಲ್ಲ, ಎದ್ದೂ ಹೋಗುವುದಿಲ್ಲ. ಇಂಗ್ಲಿಷ್‌ನವರು ಅದನ್ನು ಭೂತದ ಪದ್ಯ ಅನ್ನುತ್ತಾರೆ. ನನಗೆ ಅದು ಕಾಗೆ ಮುಟ್ಟದ ಪಿಂಡದ ಪದ್ಯ.

ತುಂಗಾತೀರ
ಕೈ ನಡುಗಿತು ಓದಿ. ಇದನ್ನು ಇಲ್ಲಿಯವರಿಗೆ ಹೇಳಿದರೆ ಅವರೂ ಪೋನನ್ನು ಬೇರೆ ಥರ ಓದುತ್ತಾರೆ.

ಹಳೇಪುಸ್ತಕ
ಕರಾವಳಿಯವರೇ, ಒಂದು ಸೇರಿಸುತ್ತೇನೆ. ಈ ಪದ್ಯ ಕಟ್ಟಿದ ಬಗೆಯನ್ನು ಪೋ 1846ರಲ್ಲಿ ಒಂದು ಪ್ರಬಂಧದಲ್ಲಿ ಬರೆದ. ಮಾತಾಡುವ ಹಕ್ಕಿ ಬೇಕು ಅಂದಾಗ ಅವನಿಗೆ ಮೊದಲು ಹೊಳೆದದ್ದು ಗಿಳಿಯಂತೆ!

ಕರಾವಳಿ_ಕಾಗೆ
ಗಿಳಿ ಆಗಿದ್ದರೆ ನಾನು ಅದನ್ನು ಎರಡನೇ ಸಲ ಓದುತ್ತಿರಲಿಲ್ಲ.

ಕಿಟಕಿಸೀಟು
ನಾನಿರುವುದು ಬಾಲ್ಟಿಮೋರ್ ಹತ್ತಿರ. ಪೋ ಸತ್ತದ್ದು, ಮಣ್ಣಾದದ್ದು ಇಲ್ಲೇ. ಇಲ್ಲಿನ ಫುಟ್‌ಬಾಲ್ ತಂಡಕ್ಕೆ 1996ರಲ್ಲಿ ಹೆಸರಿಡುವಾಗ ಜನ ಮತ ಹಾಕಿ 'ರೇವನ್ಸ್' ಅಂತ ಆರಿಸಿದರು. ತಂಡಕ್ಕೆ ಮೊದಲು ಮೂರು ಕಾಗೆ ಬೊಂಬೆಗಳಿದ್ದವು, ಎಡ್ಗರ್, ಅಲನ್, ಪೋ ಅಂತ ಹೆಸರು. ಒಂದು ಪದ್ಯ ಇಡೀ ಊರಿನ ಜೆರ್ಸಿ ಮೇಲೆ ಇದೆ. ಜನಪ್ರಿಯತೆ ಅಂದ್ರೆ ಇದು. ಆದರೆ ಮೇಡಂ, ಅದು 18 ಚರಣ, ಸಾಲುಗಳೂ ಉದ್ದ. ಐದು ನಿಮಿಷದಲ್ಲಿ ಓದಿದರೆ ಓಡಿದ ಹಾಗಾಗುತ್ತದೆ.

ದಾವಣಗೆರೆ_ಬೆಣ್ಣೆ
'ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!' ಓದಿ. 'ಡೆಡ್ ಪೊಯೆಟ್ಸ್ ಸೊಸೈಟಿ' ಸಿನಿಮಾದಲ್ಲಿ ಹುಡುಗರು ಡೆಸ್ಕ್ ಹತ್ತಿ ನಿಲ್ಲುವಾಗ ಅಳದೇ ಇದ್ದವರು ಯಾರಿದ್ದಾರೆ?

ಇಂಗ್ಲಿಷ್_ಮೇಷ್ಟ್ರು
ಲಿಂಕನ್ ಕೊಲೆಯಾದ 1865ರಲ್ಲಿ ವಿಟ್ಮನ್ ಬರೆದದ್ದು. ಯುದ್ಧ ಎಂಬ ಕಡಲು ದಾಟಿ ಹಡಗು ದಡ ಸೇರಿದೆ, ಜನ ಕೂಗುತ್ತಿದ್ದಾರೆ, ನಾಯಕ ಮಾತ್ರ ಹಡಗಿನ ಮೇಲೆ ಸತ್ತು ಬಿದ್ದಿದ್ದಾನೆ. ವಿಟ್ಮನ್ ಅದಕ್ಕಿಂತ ಎಷ್ಟೋ ದೊಡ್ಡ ಕೆಲಸ ಮಾಡಿದ. 1855ರಲ್ಲಿ ಸ್ವಂತ ಖರ್ಚಿನಲ್ಲಿ 'ಲೀವ್ಸ್ ಆಫ್ ಗ್ರಾಸ್' ತಂದ. 795 ಪ್ರತಿ, 12 ಪದ್ಯ. ಸಾಯುವ ತನಕ ಅದನ್ನೇ ತಿದ್ದಿದ, ಬೆಳೆಸಿದ. ಪ್ರಾಸ ಬಿಟ್ಟು ಮಾತಿನ ಉಸಿರಿನಲ್ಲೇ ಬರೆದ. ಜನ ಹಿಡಿದುಕೊಂಡದ್ದು ಮಾತ್ರ ಪ್ರಾಸ ಇರುವ ಈ ಒಂದನ್ನು. ಇದನ್ನು ಬರೆಯಬಾರದಿತ್ತೇನೋ ಅನ್ನುವ ಮಟ್ಟಿಗೆ ಮುದುಕನಾದ ಮೇಲೆ ಬೇಸರ ಪಟ್ಟುಕೊಂಡ.

ದಾವಣಗೆರೆ_ಬೆಣ್ಣೆ
ಅವನು ಬೇಸರ ಪಟ್ಟುಕೊಳ್ಳಲಿ ಮೇಷ್ಟ್ರೇ, ನನಗೆ ಅದೇ ಇಷ್ಟ. ಪ್ರಾಸ ಇದ್ದರೆ ನೆನಪಲ್ಲಿ ಉಳಿಯುತ್ತೆ. ಉಳಿದದ್ದೇ ನಮ್ಮದು.

ಬೆಲ್ಲದಕಾಫಿ
ಎಮಿಲಿ ಡಿಕಿನ್ಸನ್ ಹೆಸರು ಇನ್ನೂ ಬಂದಿಲ್ಲ ಅಂದ್ರೆ ಆಶ್ಚರ್ಯ. ತುಂಗಾತೀರ ಅಕ್ಕಾ, ನೀವಿರುವ ರಾಜ್ಯದವಳೇ. ಆಮ್ಹರ್ಸ್ಟ್‌ನಲ್ಲಿ 1830ರಲ್ಲಿ ಹುಟ್ಟಿ ಅದೇ ಮನೆಯಲ್ಲಿ 1886ರಲ್ಲಿ ಸತ್ತಳು. ಸುಮಾರು 1,800 ಪದ್ಯ ಬರೆದಳು. ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. ಉಳಿದದ್ದೆಲ್ಲ ಪೆಟ್ಟಿಗೆಯಲ್ಲಿ. ಹಾಳೆಗಳನ್ನು ಮಡಿಸಿ ಸೂಜಿದಾರದಿಂದ ಹೊಲಿದು 40 ಸಣ್ಣ ಪುಸ್ತಕ ಮಾಡಿಟ್ಟಿದ್ದಳು. ಅವಳು ಹೋದ ಮೇಲೆ ತಂಗಿ ಲವೀನಿಯಾಗೆ ಸಿಕ್ಕಿತು.

ನನಗೆ ಅವಳು ಇಷ್ಟವಾದದ್ದು ಅಡುಗೆಮನೆಯಿಂದ. ಊರಿನ ಜಾತ್ರೆಯಲ್ಲಿ ಅವಳ ಬ್ರೆಡ್ಡಿಗೆ ಎರಡನೇ ಬಹುಮಾನ ಬಂದಿತ್ತು, 1856ರಲ್ಲಿ. ಕೊಬ್ಬರಿ ಕೇಕಿನ ಅಳತೆ ಬರೆದ ಚೀಟಿಯ ಹಿಂದೆ ಒಂದು ಪದ್ಯ ಇದೆ. ಹರಿದ ಲಕೋಟೆ, ಚಾಕಲೇಟ್ ಕಾಗದ, ಕೈಗೆ ಸಿಕ್ಕಿದ್ದರ ಮೇಲೆ ಬರೆಯುತ್ತಿದ್ದಳು. ನಮ್ಮಮ್ಮ ಹಾಲಿನ ಲೆಕ್ಕದ ಚೀಟಿಯ ಹಿಂದೆ ಹಾಡು ಬರೆದುಕೊಳ್ಳುತ್ತಿದ್ದರು. ಒಲೆ ಮುಂದೆ ಕೂತಾಗ ಗೋಡೆಗೆ ಅಂಟಿಸಿ ನೋಡಿಕೊಂಡು ಹಾಡುತ್ತಿದ್ದರು. ಎಣ್ಣೆ ಬಿದ್ದು ಅಕ್ಷರ ಆಚೆ ಪಕ್ಕಕ್ಕೂ ಕಾಣುತ್ತಿತ್ತು. ಆ ಚೀಟಿಗಳನ್ನು ನಾವು ಯಾರೂ ಎತ್ತಿಡಲಿಲ್ಲ. ಲವೀನಿಯಾ ಎತ್ತಿಟ್ಟಳು.

ಅವಳ ಸಾವಿನ ಪದ್ಯ ಓದಿ. ಸಾವಿಗಾಗಿ ನಿಲ್ಲಲು ನನಗೆ ಪುರುಸೊತ್ತು ಇರಲಿಲ್ಲ, ಅದಕ್ಕೆ ಅವನೇ ದಯವಿಟ್ಟು ನನಗಾಗಿ ಗಾಡಿ ನಿಲ್ಲಿಸಿದ, ಅಂತ ಶುರು. ಯಮ ಕೋಣದ ಮೇಲೆ ಪಾಶ ಹಿಡಿದು ಬರುವುದಿಲ್ಲ. ಮಗಳನ್ನು ಕರೆದುಕೊಂಡು ಹೋಗಲು ಬಂದ ಅಳಿಯನ ಹಾಗೆ ಮರ್ಯಾದೆಯಿಂದ ಬರುತ್ತಾನೆ. ಶಾಲೆ, ಹೊಲ, ಮುಳುಗುವ ಸೂರ್ಯ ದಾಟಿ ಗಾಡಿ ನಿಧಾನ ಹೋಗುತ್ತದೆ. ಎಲ್ಲೂ ಗಾಬರಿ ಇಲ್ಲ.

ಹಳೇಪುಸ್ತಕ
ಓದುವುದಾದರೆ ಅವಳು ಬರೆದ ಹಾಗೇ ಇರುವ ಪ್ರತಿ ನೋಡಿಕೊಂಡು ಓದಿ. 1890ರಲ್ಲಿ ಮೊದಲ ಸಂಗ್ರಹ ತಂದವರು ಅವಳು ಸಾಲುಗಳಲ್ಲಿ ಹಾಕುತ್ತಿದ್ದ ಅಡ್ಡಗೆರೆಗಳನ್ನು ತೆಗೆದು, ಪದ ಬದಲಿಸಿ, ನೀಟು ಮಾಡಿದರು. ಇದೇ ಪದ್ಯಕ್ಕೆ 'ದಿ ಚಾರಿಯಟ್' ಅಂತ ತಾವೇ ಹೆಸರಿಟ್ಟು ನಾಲ್ಕನೇ ಚರಣ ಬಿಟ್ಟುಬಿಟ್ಟರು. ಅವಳು ಬರೆದ ಹಾಗೇ ಎಲ್ಲವೂ ಅಚ್ಚಾಗಲು 1955ರ ತನಕ ಕಾಯಬೇಕಾಯಿತು.

ಬೆಲ್ಲದಕಾಫಿ
ಸರಿ, ಆದರೆ ಆ ನೀಟು ಮಾಡಿದವರು ಇಲ್ಲದಿದ್ದರೆ ಯಾರಿಗೂ ಸಿಗುತ್ತಲೇ ಇರಲಿಲ್ಲ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ.

ಹಳೇಪುಸ್ತಕ
ನನಗಿದೆ. ಬೇಂದ್ರೆಯವರ ಸಾಲನ್ನು ಯಾರಾದರೂ "ಸರಿ" ಮಾಡಿದರೆ ಸುಮ್ನೆ ಇರ್ತೀರಾ?

ಬೆಲ್ಲದಕಾಫಿ
ಇರಲ್ಲ.

ನದಿಯಾಚೆ
ಇಷ್ಟೊತ್ತು ಓದುತ್ತಾ ಬಂದೆ. ಎಲ್ಲ ಬಿಳಿಯರೇ ಆದರಲ್ಲ? "ಅಮೆರಿಕದ ಜನಕ್ಕೆ ಇಷ್ಟ" ಅಂದಾಗ ಯಾವ ಜನ ಅಂತ ಕೇಳಬೇಕಲ್ವಾ? ಲ್ಯಾಂಗ್‌ಸ್ಟನ್ ಹ್ಯೂಸ್ ಬಿಟ್ಟು ಈ ಮಾತೇ ಆಡಬಾರದು.

1920ರಲ್ಲಿ ಅವನಿನ್ನೂ ಹದಿಹರೆಯದ ಹುಡುಗ. ಹೈಸ್ಕೂಲ್ ಮುಗಿಸಿ ಮೆಕ್ಸಿಕೊದಲ್ಲಿದ್ದ ಅಪ್ಪನ ಹತ್ತಿರ ರೈಲಿನಲ್ಲಿ ಹೊರಟಿದ್ದ. ಅಪ್ಪನಿಗೂ ಅವನಿಗೂ ಆಗಿಬರುತ್ತಿರಲಿಲ್ಲ. ಸಂಜೆ ಹೊತ್ತು ರೈಲು ಮಿಸಿಸಿಪ್ಪಿ ಸೇತುವೆ ದಾಟುವಾಗ ಕಿಟಕಿಯಿಂದ ನೀರು ನೋಡಿ, ಜೇಬಿನಲ್ಲಿದ್ದ ಲಕೋಟೆಯ ಹಿಂದೆ 'ದಿ ನೀಗ್ರೊ ಸ್ಪೀಕ್ಸ್ ಆಫ್ ರಿವರ್ಸ್' ಬರೆದ. ಯೂಫ್ರೆಟಿಸ್‌ನಲ್ಲಿ ಮಿಂದೆ, ಕಾಂಗೊ ದಂಡೆಯಲ್ಲಿ ಗುಡಿಸಲು ಕಟ್ಟಿದೆ, ನೈಲ್ ನೋಡುತ್ತಾ ಪಿರಮಿಡ್ ಎತ್ತಿದೆ, ಮಿಸಿಸಿಪ್ಪಿಯ ಹಾಡು ಕೇಳಿದೆ ಅಂತ ಒಂದು ಇಡೀ ಜನಾಂಗ ಅವನ ಬಾಯಲ್ಲಿ ಮಾತಾಡುತ್ತದೆ. ಆ ನದಿಯಲ್ಲೇ ಅವನ ಹಿಂದಿನವರನ್ನು ಮಾರಲು ಸಾಗಿಸುತ್ತಿದ್ದರು. ಈಗ ಅವನ ಚಿತಾಭಸ್ಮ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಶಾಂಬರ್ಗ್ ಸೆಂಟರ್ ಎಂಬ ಲೈಬ್ರರಿಯ ನೆಲದ ಕೆಳಗಿದೆ. ಮೇಲೆ ಆ ಪದ್ಯದ ಕೊನೆಯ ಸಾಲು ಕೆತ್ತಿದ್ದಾರೆ. ನಾನು ಹೋದ ದಿನ ಶಾಲೆಯ ಮಕ್ಕಳು ಅದರ ಸುತ್ತ ಕೂತು ಬಾಗಿ ಬಾಗಿ ಓದುತ್ತಿದ್ದರು.

ಪಾಲ್ ಲಾರೆನ್ಸ್ ಡನ್ಬಾರ್‌ನನ್ನೂ ಓದಿ. ಓಹಾಯೊದ ಡೇಟನ್‌ನಲ್ಲಿ ಲಿಫ್ಟ್ ನಡೆಸುತ್ತಿದ್ದವನು. ಮೊದಲ ಪುಸ್ತಕವನ್ನು ಲಿಫ್ಟಿಗೆ ಹತ್ತಿದವರಿಗೇ ಮಾರಿದ. ಪಂಜರದ ಹಕ್ಕಿ ಯಾಕೆ ಹಾಡುತ್ತದೆ ಅನ್ನುವ ಸಾಲು ಅವನದು, 1899ರದ್ದು. ಮಾಯಾ ಏಂಜೆಲೊ ತಮ್ಮ ಆತ್ಮಕತೆಗೆ ಹೆಸರು ತೆಗೆದುಕೊಂಡದ್ದು ಅಲ್ಲಿಂದ.

ತುಂಗಾತೀರ
ನದಿಯಾಚೆ ಅವರೇ, ನಾನು ಹುಟ್ಟಿದ್ದೇ ತುಂಗೆಯ ದಂಡೆಯಲ್ಲಿ. ಇದನ್ನು ಓದಬೇಕು ಅಂತ ಆಸೆ ಆಯಿತು. ಆದರೆ ಆ "ನಾನು" ನನ್ನದಲ್ಲವಲ್ಲ. ನಾನು ನಿಂತು ಅದನ್ನು ಹೇಳಿದರೆ ಸರಿ ಹೋಗುತ್ತಾ?

ನದಿಯಾಚೆ
ನೀವು ಕೇಳಿದ್ದು ಒಳ್ಳೆಯದಾಯಿತು. ಓದಬಹುದು, ತಪ್ಪೇನಿಲ್ಲ. ಆದರೆ ಆ ಸಂಜೆ ಅದನ್ನು ತಮ್ಮದು ಅಂತ ಓದುವವರು ಬೇರೆ ಯಾರಾದರೂ ಇದ್ದರೆ ಅವರಿಗೆ ಬಿಡಿ.

ಕಿಟಕಿಸೀಟು
ಎಚ್‌1ಬಿ ವೀಸಾ ಸ್ಟ್ಯಾಂಪಿಂಗ್‌ಗೆ ಕಾಯುವವರಿಗೆ ಎಮ್ಮಾ ಲಾಜರಸ್ ಬರೆದ 'ದಿ ನ್ಯೂ ಕೊಲೊಸಸ್'. ಲಿಬರ್ಟಿ ಮೂರ್ತಿಯ ಪೀಠಕ್ಕೆ ಹಣ ಕೂಡಿಸಲು 1883ರಲ್ಲಿ ಬರೆದ 14 ಸಾಲು. ಮೂರ್ತಿಯನ್ನು ಗಡೀಪಾರಾದವರ ತಾಯಿ ಅಂತ ಕರೆದಳು. 1887ರಲ್ಲಿ 38ನೇ ವಯಸ್ಸಿಗೆ ಸತ್ತಳು. ಆ ಸಾಲುಗಳ ಫಲಕ ಪೀಠಕ್ಕೆ ಬಂದದ್ದು 1903ರಲ್ಲಿ, ಅವಳು ನೋಡಲಿಲ್ಲ. ಮೊದಲ ಸಲ ಅದರ ಮುಂದೆ ನಿಂತಾಗ ನನ್ನ ಪಾಸ್‌ಪೋರ್ಟ್ ಜೇಬಿನಲ್ಲೇ ಇತ್ತು. ಮುಟ್ಟಿ ನೋಡಿಕೊಂಡೆ.

ಸಂಸ್ಕೃತಿ_ಪ್ರಿಯ
ಟಿ. ಎಸ್. ಎಲಿಯಟ್ ಓದಿ. 'ದಿ ವೇಸ್ಟ್ ಲ್ಯಾಂಡ್' ಮುಗಿಯುವುದು ಬೃಹದಾರಣ್ಯಕ ಉಪನಿಷತ್ತಿನ ದತ್ತ, ದಯಧ್ವಂ, ದಮ್ಯತದಿಂದ. ಮೂರು ಸಲ ಶಾಂತಿಃ. ನಮ್ಮದೇ ಮಾತು.

ಚಿಕ್ಕಪೇಟೆ_ಚಂದು
ಎಲಿಯಟ್ ಇಂಗ್ಲಿಷ್‌ನವನಲ್ವಾ? ಈ ಸಲ ನಾನೇ ತಿದ್ದುತ್ತೇನೆ.

ಸಂಸ್ಕೃತಿ_ಪ್ರಿಯ
ಹುಟ್ಟಿದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, 1888ರಲ್ಲಿ. ಹಾರ್ವರ್ಡ್‌ನಲ್ಲಿ ಸಂಸ್ಕೃತ ಓದಿದವನು. ಬ್ರಿಟಿಷ್ ಪ್ರಜೆಯಾದದ್ದು 1927ರಲ್ಲಿ. ಆ ಪದ್ಯ 1922ರದ್ದು. ಹಾಗಾಗಿ ಅಮೆರಿಕನ್ನೇ.

ದಾವಣಗೆರೆ_ಬೆಣ್ಣೆ
ಐದು ನಿಮಿಷದಲ್ಲಿ ವೇಸ್ಟ್ ಲ್ಯಾಂಡಾ? ಅಕ್ಕನನ್ನು ಬಿಡಿ ಸರ್.

ರಾಗಿಮುದ್ದೆ
ಚಿಕ್ಕದು ಬೇಕಂದ್ರೆ ಆ ಕೆಂಪು ಕೈಗಾಡಿಯ ಪದ್ಯ ಇದೆಯಲ್ಲ? ಮಳೆಯಲ್ಲಿ ನೆಂದ ಗಾಡಿ, ಪಕ್ಕದಲ್ಲಿ ಬಿಳಿ ಕೋಳಿಗಳು. ಅಷ್ಟೇ. ಅದು ಪದ್ಯ ಹೇಗೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಇಂಗ್ಲಿಷ್_ಮೇಷ್ಟ್ರು
ವಿಲಿಯಂ ಕಾರ್ಲೋಸ್ ವಿಲಿಯಮ್ಸ್, 1923. ಬರೀ 16 ಪದ. ಅವನು ನ್ಯೂಜೆರ್ಸಿಯ ರುದರ್‌ಫರ್ಡ್‌ನಲ್ಲಿ ಡಾಕ್ಟರಾಗಿದ್ದ. ಮನೆಮನೆಗೆ ಹೋಗಿ ಮಕ್ಕಳ ಜ್ವರ ನೋಡುತ್ತಿದ್ದವನು. ಈ ಗಾಡಿಯ ಮೇಲೆ ಎಷ್ಟೋ ನಿಂತಿದೆ ಅಂತ ಶುರು ಮಾಡುತ್ತಾನೆ. ನೀವು ರೈತರು. ನಿಮ್ಮ ತಳ್ಳುಗಾಡಿ ಒಂದು ದಿನ ಮುರಿದರೆ ಏನಾಗುತ್ತದೆ ಹೇಳಿ?

ರಾಗಿಮುದ್ದೆ
ಗೊಬ್ಬರ ಹೊಲಕ್ಕೆ ಹೋಗಲ್ಲ. ಆಳು ಸುಮ್ನೆ ಕೂರ್ತಾರೆ. ಸರಿ ಮೇಷ್ಟ್ರೇ, ಈಗ ಅರ್ಥ ಆಯ್ತು.

ಅಡಿಕೆತೋಟ
ಸ್ವಲ್ಪ ತಡವಾಗಿ ಬಂದೆ. ಫ್ರಾಸ್ಟ್ ಅಂದಕೂಡಲೇ ಎಲ್ಲರೂ ದಾರಿ, ಹಿಮದ ಕಾಡು ಅನ್ನುತ್ತಾರೆ. ಆ ಕಾಡಿನ ಪದ್ಯದ ಕೊನೆಯ ಸಾಲುಗಳನ್ನು ನೆಹರೂ ಬರೆದು ಇಟ್ಟುಕೊಂಡಿದ್ದರು ಅಂತ ನಾವೆಲ್ಲ ಓದಿದ್ದೇವೆ. ಒಳ್ಳೆಯದೇ. ನನ್ನದು ಬೇರೆ, 'ಮೆಂಡಿಂಗ್ ವಾಲ್'. 1914ರದ್ದು.

ನಮ್ಮದು ಸಾಗರದ ಕಡೆ. ಅಪ್ಪನಿಗೂ ದೊಡ್ಡಪ್ಪನಿಗೂ ಪಾಲಾದಾಗ ಮಾತು ನಿಂತಿತು. ಒಂಬತ್ತು ವರ್ಷ. ತೋಟ ಅಕ್ಕಪಕ್ಕ, ಒಂದೇ ಕೊಡ ನೀರಿಗೂ ಕೇಳುವ ಹಾಗಿಲ್ಲ. ಆದರೆ ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಂದು ದಿನ ಇಬ್ಬರೂ ಬರಲೇಬೇಕು. ಮಳೆಗೆ ಬೇಲಿ ಕೊಳೆತು ಬಿದ್ದಿರುತ್ತಿತ್ತು. ದನ ನುಗ್ಗಿದರೆ ಇಬ್ಬರಿಗೂ ನಷ್ಟ. ಅಪ್ಪ ಈಚೆ, ದೊಡ್ಡಪ್ಪ ಆಚೆ. ನಾನು ಬಳ್ಳಿಯ ಸಿಂಬಿ ಹಿಡಿದು ಹಿಂದೆ. ಒಬ್ಬರು ಗೂಟ ಹಿಡಿದರೆ ಇನ್ನೊಬ್ಬರು ಕುಟ್ಟಬೇಕು. ಒಬ್ಬರು ಬಿದಿರು ಮುಳ್ಳು ಒತ್ತಿ ಹಿಡಿದರೆ ಇನ್ನೊಬ್ಬರು ಬಳ್ಳಿ ಬಿಗಿಯಬೇಕು. "ಹಿಡ್ಕೊ." "ಬಿಡು." "ಇನ್ನೂ ಸ್ವಲ್ಪ ಮೇಲೆ." ಒಂಬತ್ತು ವರ್ಷದಲ್ಲಿ ಅಣ್ಣತಮ್ಮ ಆಡಿದ ಮಾತು ಅಷ್ಟೇ. ಅಪ್ಪನ ಬೆರಳಿಗೆ ಮುಳ್ಳು ಚುಚ್ಚಿದಾಗ ದೊಡ್ಡಪ್ಪ ಬೇಲಿ ಸಂದಿಯಿಂದ ಕೈ ಹಾಕಿ ತೆಗೆದದ್ದನ್ನು ನಾನೇ ನೋಡಿದ್ದೇನೆ.

ಆಮೇಲೆ ಸಿಮೆಂಟ್ ಕಂಬ ನೆಟ್ಟು ತಂತಿ ಬೇಲಿ ಹಾಕಿಸಿದೆವು. ವರ್ಷ ವರ್ಷ ಕಟ್ಟುವ ಕಷ್ಟ ತಪ್ಪಿತು. ಆ ಒಂದು ದಿನವೂ ಹೋಯಿತು. ದೊಡ್ಡಪ್ಪ ತೀರಿಕೊಂಡಾಗ ಅಪ್ಪ ತಂತಿ ಹತ್ತಿರ ಹೋಗಿ ಬಹಳ ಹೊತ್ತು ನಿಂತಿದ್ದರು.

ಆ ಪದ್ಯದಲ್ಲಿ ಇಬ್ಬರು ಗೋಡೆಯ ಆಚೆ ಈಚೆ ನಡೆಯುತ್ತಾ ಬಿದ್ದ ಕಲ್ಲು ಎತ್ತಿಡುತ್ತಾರೆ. ಇವನದು ಸೇಬಿನ ತೋಟ, ಅವನದು ಪೈನ್ ಮರ. ನನ್ನ ಸೇಬಿನ ಮರ ಬಂದು ನಿನ್ನ ಪೈನ್ ಕಾಯಿ ತಿನ್ನುತ್ತದಾ ಅಂತ ಇವನು ಕೇಳುತ್ತಾನೆ. ಪಕ್ಕದವನು ಅಪ್ಪ ಹೇಳಿಕೊಟ್ಟ ಗಾದೆಯೊಂದನ್ನೇ ಹೇಳುತ್ತಾನೆ, ಒಳ್ಳೆ ಬೇಲಿ ಇದ್ದರೆ ಒಳ್ಳೆ ನೆರೆಹೊರೆ ಅಂತ.

ದಾವಣಗೆರೆ_ಬೆಣ್ಣೆ
ಆ ಗಾದೆ ಸರಿಯೇ ಅಲ್ವಾ? ಫ್ರಾಸ್ಟ್ ಹೇಳಿದ್ದೂ ಅದನ್ನೇ.

ಇಂಗ್ಲಿಷ್_ಮೇಷ್ಟ್ರು
ಫ್ರಾಸ್ಟ್ ಅಲ್ಲ, ಪದ್ಯದೊಳಗಿನ ನೆರೆಯವನು. ಹೇಳುತ್ತಿರುವವನಿಗೆ ಅದರ ಮೇಲೆ ಅನುಮಾನ. ಗೋಡೆಯನ್ನು ಇಷ್ಟಪಡದ ಏನೋ ಒಂದು ಇದೆ ಅಂತಲೇ ಅವನು ಶುರು ಮಾಡುತ್ತಾನೆ.

ಅಡಿಕೆತೋಟ
ಮೇಷ್ಟ್ರೇ, ಇನ್ನೊಂದು ನೋಡಿ. ಗೋಡೆ ಬೇಡ ಅನ್ನುವ ಅವನೇ, ರಿಪೇರಿ ಕಾಲ ಬಂತು ಅಂತ ಗುಡ್ಡದಾಚೆಯವನಿಗೆ ಹೇಳಿ ಕಳಿಸುವುದು. ಪಕ್ಕದವನು ತಾನಾಗಿ ಬರುವುದಿಲ್ಲ. ಗೋಡೆ ಬೇಡ, ಆದರೆ ಅವನ ಜೊತೆ ಆ ಒಂದು ದಿನ ಬೇಕು. ನಮ್ಮನೆಯಲ್ಲಿ ಹೇಳಿ ಕಳಿಸುತ್ತಿದ್ದದ್ದು ಅಪ್ಪ.

ಇಂಗ್ಲಿಷ್_ಮೇಷ್ಟ್ರು
22 ವರ್ಷ ಪಾಠ ಮಾಡಿದ್ದೇನೆ. ಆ ಸಾಲಿನ ಮೇಲೆ ಇಷ್ಟು ಹೊತ್ತು ನಾನು ನಿಂತಿರಲಿಲ್ಲ.

ತುಂಗಾತೀರ
ಅಡಿಕೆತೋಟದ ಅಣ್ಣಾ, ನಿಮ್ಮದನ್ನು ಓದಿ ಕೋಟು ಹಾಕಿಕೊಂಡು ಹಿತ್ತಲಿಗೆ ಹೋದೆ. ನಮ್ಮ ಮನೆಯ ಹಿಂದೆ ಒಂದು ಹಳೇ ಕಲ್ಲುಗೋಡೆ ಇದೆ. ಗಾರೆ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಈ ಕಡೆ ಕಾಡಿನಲ್ಲೆಲ್ಲ ಇಂಥ ಗೋಡೆಗಳಿವೆ. ಹಿಂದೆ ಹೊಲ ಇದ್ದ ಜಾಗ, ಜನ ಬಿಟ್ಟು ಹೋದ ಮೇಲೆ ಮರ ಬೆಳೆದಿದೆ. 11 ವರ್ಷದಿಂದ ಕಿಟಕಿಯಲ್ಲಿ ನೋಡುತ್ತಿದ್ದೇನೆ, ಒಂದು ದಿನವೂ ಹತ್ತಿರ ಹೋಗಿರಲಿಲ್ಲ. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಕಲ್ಲುಗಳನ್ನು ತಳ್ಳುತ್ತದೆ. ಪದ್ಯದಲ್ಲಿ ಹೇಳಿದ ಹಾಗೇ ಐದಾರು ಕಲ್ಲು ಉರುಳಿ ಬಿದ್ದಿದ್ದವು. ಒಂದು ದುಂಡಗೆ, ಒಂದು ಬ್ರೆಡ್ಡಿನ ಹಾಗೆ. ಕೆಳಭಾಗ ಇನ್ನೂ ಹಸಿ, ಮಣ್ಣು ಅಂಟಿತ್ತು.

ಗೋಡೆಯಾಚೆ ಎಂಬತ್ತು ದಾಟಿದ ಒಬ್ಬ ಅಜ್ಜ ಇದ್ದಾರೆ. ಕೈ ಬೀಸುವಷ್ಟೇ ಪರಿಚಯ. ನಾಳೆ ಹೋಗಿ ಕೇಳುತ್ತೇನೆ. ಪದ್ಯ ಇದೇ, ಇನ್ನು ಹುಡುಕುವುದಿಲ್ಲ. 45 ಸಾಲು, ಮೂರು ನಿಮಿಷ ಸಾಕು.

ನದಿಯಾಚೆ
ಸರಿಯಾದ ಆಯ್ಕೆ.

ಬೆಲ್ಲದಕಾಫಿ
ನನಗೆ ಡಿಕಿನ್ಸನ್ ಆಸೆ ಇತ್ತು. ಆದರೂ ಖುಷಿ ಆಯ್ತು ಅಕ್ಕ.

ತುಂಗಾತೀರ
ಮೂರು ವಾರ ಆಯಿತು, ನಿನ್ನೆ ಸಂಜೆ ಮುಗಿಯಿತು. ಹೇಳಲೇಬೇಕು.

ಅಜ್ಜನ ಮನೆಗೆ ಹೋಗಿದ್ದೆ. ಅವರು ಚಿಕ್ಕವರಿದ್ದಾಗ ಅವರಪ್ಪ ಪ್ರತಿ ಏಪ್ರಿಲ್ ಕಲ್ಲು ಎತ್ತಿಡುತ್ತಿದ್ದರಂತೆ. ಆಚೆ ಮನೆಯವರು, ಅಂದರೆ ಈಗಿನ ನಮ್ಮ ಮನೆಯಲ್ಲಿದ್ದವರು, ಎಂದೂ ಬರಲಿಲ್ಲವಂತೆ. ಇಬ್ಬರೂ ಸೇರಿ ನಾಲ್ಕು ಕಲ್ಲು ಇಟ್ಟೆವು. ಐದನೆಯದು ನನ್ನಿಂದ ಎತ್ತಲಾಗಲಿಲ್ಲ, ಅವರಿಗೂ ಆಗಲಿಲ್ಲ. ಅಲ್ಲೇ ಬಿಟ್ಟೆವು.

ಲೈಬ್ರರಿಯಲ್ಲಿ ಓದುವ ಮುಂಚೆ ಎರಡು ಮಾತು ಹೇಳಬೇಕಿತ್ತಲ್ಲ, ಸಾಗರದ ಬೇಲಿಯ ಕತೆ ಹೇಳಿದೆ. ಯಾರ ಕತೆ ಅಂತ ಹೆಸರು ಹೇಳಲಿಲ್ಲ. ಮುಳ್ಳು ತೆಗೆದದ್ದು ಹೇಳಿದೆ. ತಂತಿ ಬೇಲಿಯದ್ದು ಹೇಳುವಾಗ ಗಂಟಲು ಕಟ್ಟಿತು, ನೀರು ಕುಡಿದು ಮುಂದುವರಿಸಿದೆ. ಓದಿದ ಮೇಲೆ, ನೆರೆಯವನು ಹೇಳಿದ್ದೇ ಸರಿ ಅಂತ ಒಬ್ಬರು ಎದ್ದರು. ಅಲ್ಲ ಅಂತ ಇನ್ನೊಬ್ಬರು. ಹತ್ತು ನಿಮಿಷ ಜಗಳ ನಡೆಯಿತು. ಅಜ್ಜ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು.

ಅಡಿಕೆತೋಟ
ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಈಗ ಕಿವಿ ಕೇಳುವುದು ಕಡಿಮೆ, ಎರಡು ಸಲ ಹೇಳಬೇಕಾಯಿತು. "ಐದನೇ ಕಲ್ಲು ಎತ್ತಲು ಯಾರನ್ನಾದರೂ ಕಳಿಸಬೇಕಿತ್ತು" ಅಂದರು.

ಹಳೇಪುಸ್ತಕ
ಉಳಿದವರು ಏನೇನು ಓದಿದರು? ಅದು ಹೇಳಿ ಮೊದಲು.

ತುಂಗಾತೀರ
'ರೋಡ್ ನಾಟ್ ಟೇಕನ್' ಇಬ್ಬರು ಓದಿದರು, ರಾಗಿಮುದ್ದೆಯವರೇ! ಒಬ್ಬರು ನಗುತ್ತಾ, ಒಬ್ಬರು ಅಳುತ್ತಾ. ಹ್ಯೂಸ್‌ನ ನದಿಗಳನ್ನು ಪ್ರೌಢಶಾಲೆಯ ಒಬ್ಬ ಹುಡುಗಿ ಕಾಗದ ನೋಡದೇ ಹೇಳಿದಳು. ನದಿಯಾಚೆಯವರ ಮಾತು ಕೇಳಿದ್ದು ಎಷ್ಟು ಒಳ್ಳೆಯದಾಯಿತು. ಒಬ್ಬ ಹತ್ತು ವರ್ಷದ ಹುಡುಗ ಬೇಸ್‌ಬಾಲ್‌ನ 'ಕೇಸಿ ಅಟ್ ದಿ ಬ್ಯಾಟ್' ಓದಿದ. ಇಡೀ ಊರು ಗೆಲ್ಲಿಸುತ್ತಾನೆ ಅಂತ ಕಾಯುವ ಕೇಸಿ ಕೊನೆಯ ಚೆಂಡಿಗೆ ಔಟಾಗುತ್ತಾನಲ್ಲ, ಆಗ ಹುಡುಗನ ಅಜ್ಜಿ ಅಯ್ಯೋ ಅಂದರು.

ಬೆಲ್ಲದಕಾಫಿ
ಡಿಕಿನ್ಸನ್ ಯಾರೂ ಓದಲಿಲ್ವಾ?

ತುಂಗಾತೀರ
ಓದಿದರು. ಲೈಬ್ರರಿಯ ಬಾಗಿಲು ಹಾಕುವ ಹೆಂಗಸು, ಎಲ್ಲರೂ ಮುಗಿಸಿದ ಮೇಲೆ, ಬೀಗದ ಗೊಂಚಲು ಕೈಯಲ್ಲೇ ಇಟ್ಟುಕೊಂಡು. ಆ ಗಾಡಿಯ ಪದ್ಯ. ನಾಲ್ಕನೇ ಚರಣ ಬಿಡಲಿಲ್ಲ.